ನಾಲ್ಕು ಪಿಸ್ಟನ್‌ಗಳ ಸಾಕ್ಷಿ

ಇಂಜಿನ್ ಬಿಚ್ಚುವವರಿಗೇನೂ ಬರವಿಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸಿ, ಕೆಟ್ಟರೆ ನನ್ನನ್ನು ಕೇಳಿ ಎನ್ನುವವರು ಮಾತ್ರ ಬೆರಳೆಣಿಕೆಯಷ್ಟು. ಅಂಥವರೊಬ್ಬರಿಗಾಗಿ ಅಕ್ಕ ಎರಡು ತಿಂಗಳಿಂದ ಚಪ್ಪಲಿ ಸವೆಸುತ್ತಿದ್ದಳು. ರೇಸಿನ ಮಂದಿಗೆಲ್ಲ ಅವಳು ಅಕ್ಕನೇ. ಅವಳ ತಮ್ಮ ಹಾಗೆ ಕರೆಯುತ್ತಿದ್ದ, ಅದೇ ಎಲ್ಲರ ಬಾಯಿಗೂ ಹತ್ತಿಬಿಟ್ಟಿತ್ತು.

ಹೋದ ವರ್ಷದ ಬೆಟ್ಟದ ರೇಸಿನಲ್ಲಿ ಅವಳು ಓಡಿಸುತ್ತಿದ್ದಳು, ತಮ್ಮ ಪಕ್ಕದಲ್ಲಿ ಕೂತು, ಮುಂದೆ ಬರುವ ತಿರುವುಗಳನ್ನು ಪುಸ್ತಕದಿಂದ ಓದಿ ಹೇಳುತ್ತಿದ್ದ. ಹನ್ನೊಂದನೇ ತಿರುವಿನಲ್ಲಿ ಇಂಜಿನ್ ಸಿಡಿಯಿತು. ಚಕ್ರ ಕಚ್ಚಿಕೊಂಡು ಕಾರು ಬಂಡೆಗೆ ಬಡಿಯಿತು, ಅದೂ ತಮ್ಮನ ಕಡೆಯೇ. ಮೂರು ಪಕ್ಕೆಲುಬು, ಒಂದು ಭುಜ ಮುರಿದವು. ಆರು ತಿಂಗಳು ಅವನಿಗೆ ತನ್ನ ತಲೆ ತಾನು ಬಾಚಿಕೊಳ್ಳಲಾಗಲಿಲ್ಲ. ಈಗ ಮೈ ನೆಟ್ಟಗಾಗಿದೆ. "ನಂಬೋ ಅಂಥ ಕೈ ಇಂಜಿನ್ ಕಟ್ಲಿ ಅಕ್ಕ, ಮತ್ತೆ ಕೂರ್ತೀನಿ" ಎಂದಿದ್ದ. ರೇಸಿಗೆ ಏಳೇ ವಾರ ಉಳಿದಿತ್ತು. ಬೇರೆ ಯಾರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸುವುದು ಅವಳಿಗೆ ಬೇಕಿರಲಿಲ್ಲ. ತಮ್ಮ ಕೂರದಿದ್ದರೆ ಅವಳ ಪಾಲಿಗೆ ರೇಸು ಮುಗಿದ ಹಾಗೆಯೇ.

ಸಿಡಿದ ಆ ಇಂಜಿನ್ ಕಟ್ಟಿದವನನ್ನು ಎಲ್ಲರೂ ಕನ್ನಡಕ ಎನ್ನುತ್ತಿದ್ದರು. ಅವನು ಆಸ್ಪತ್ರೆಗೇ ಬಂದಿದ್ದ. ಸಮಾಧಾನದ ಮಾತು ಆಡಲು ಬಾರದ ಮನುಷ್ಯ, ಬಾಗಿಲಲ್ಲೇ ನಿಂತು "ಗೇರ್ ತಪ್ಪಿದೆ ಮೇಡಂ" ಎಂದುಬಿಟ್ಟ.

"ನನ್ನ ತಮ್ಮ ಇಲ್ಲಿ ಉಸಿರಾಡೋಕೆ ಒದ್ದಾಡ್ತಿದಾನೆ, ನೀವು ನನ್ನ ತಲೆ ಮೇಲೆ ಗೂಬೆ ಕೂರಿಸೋಕೆ ಬಂದ್ರಾ?" ಎಂದು ಅಕ್ಕ ಕೂಗಾಡಿ ಓಡಿಸಿದ್ದಳು. ಅಷ್ಟಕ್ಕೇ ಬಿಡಲಿಲ್ಲ. ಹಳೇ ಬೋಲ್ಟು ಹಾಕಿ ಮೋಸ ಮಾಡಿದ ಎಂದು ಸಿಕ್ಕವರಿಗೆಲ್ಲ ಹೇಳಿದಳು. ಒಡೆದ ಇಂಜಿನ್ನನ್ನು ಬಿಚ್ಚಿಸಿಯೂ ನೋಡಿರಲಿಲ್ಲ. ಅವಳ ಮಾತಿಗೆ ಬೆಲೆಯಿತ್ತು, ಕನ್ನಡಕನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಕಾಲ್ಕಿತ್ತರು.

ಹೊಸಬರನ್ನು ಹುಡುಕುವಾಗ ಅವಳ ಪ್ರಶ್ನೆ ಒಂದೇ: "ನೀವು ಕಟ್ಟಿದ್ದರಲ್ಲಿ ಎಷ್ಟು ಇಂಜಿನ್ ಒಡೆದಿವೆ?" ಒಬ್ಬ ನಕ್ಕ. ಒಬ್ಬ ಗೋಡೆಯ ಮೇಲಿನ ಬಹುಮಾನಗಳನ್ನು ತೋರಿಸಿದ. ಇನ್ನೊಬ್ಬ "ಒಂದೂ ಇಲ್ಲ" ಎಂದು ಎದೆ ತಟ್ಟಿಕೊಂಡ. ಮಾತು ಕಡಿಮೆಯೆಂದು ಚುಟುಕು ಮೇಸ್ತ್ರಿ ಎನಿಸಿಕೊಂಡಿದ್ದವನು ಮಾತ್ರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆ "ಮೂರು. ಎರಡು ನನ್ನ ತಪ್ಪು" ಎಂದ. ಅಕ್ಕ ಅಂದೇ ಒಡೆದ ಇಂಜಿನ್ನನ್ನು ಅವನ ಶೆಡ್ಡಿಗೆ ಇಳಿಸಿದಳು. ಮುರಿದದ್ದು ಯಾಕೆಂದು ತಿಳಿಯದೆ ಹೊಸದು ಕಟ್ಟುವುದಿಲ್ಲ ಎಂದು ಮೇಸ್ತ್ರಿ ಪಟ್ಟು ಹಿಡಿದಿದ್ದ.

ನಾಲ್ಕನೇ ದಿನ ಫೋನು ಬಂತು. "ಬನ್ನಿ." ಅಷ್ಟೇ. ಅಕ್ಕ ತಮ್ಮನನ್ನೂ ಕರೆದುಕೊಂಡು ಹೋದಳು. ಕನ್ನಡಕನ ಬಣ್ಣ ಬಯಲಾಗುವುದನ್ನು ಅವನೂ ನೋಡಲಿ ಎಂಬ ಆಸೆ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೇಸ್ತ್ರಿ ನಾಲ್ಕು ಪಿಸ್ಟನ್ ಸಾಲಾಗಿ ಇಟ್ಟಿದ್ದ. ಒಂದು ಅರ್ಧ ಮುರಿದಿತ್ತು, ಮೂರು ಗಟ್ಟಿಯಾಗಿದ್ದವು. ನಾಲ್ಕರ ನೆತ್ತಿಯ ಮೇಲೂ ಉಗುರು ಒತ್ತಿದಂಥ ಗುರುತು.

"ವಾಲ್ವು ಬಂದು ಹೊಡೆದಿರೋದು," ಎಂದ ಮೇಸ್ತ್ರಿ. "ಬೋಲ್ಟ್ ತಾನಾಗೇ ಮುರಿದಿದ್ರೆ ಒಂದು ಪಿಸ್ಟನ್ ಹೋಗ್ತಿತ್ತು. ಇಲ್ಲಿ ನಾಲ್ಕಕ್ಕೂ ಒಟ್ಟಿಗೆ ಬಿದ್ದಿದೆ."

"ಅಂದ್ರೆ?"

"ಐದರಿಂದ ನಾಲ್ಕಕ್ಕೆ ಎಳೆಯೋಕೆ ಹೋಗಿ ಎರಡಕ್ಕೆ ಹಾಕಿದೀರಿ. ಚಕ್ರಗಳೇ ಇಂಜಿನ್ನನ್ನ ಮಿತಿ ಮೀರಿ ತಿರುಗಿಸಿವೆ, ವಾಲ್ವುಗಳಿಗೆ ಹಿಂದೆ ಸರಿಯೋಕೆ ಹೊತ್ತೇ ಸಿಕ್ಕಿಲ್ಲ."

ಅಕ್ಕ ಮೇಜಿಗೆ ಕೈಯೂರಿದಳು. "ಮಿತಿ ಮೀರದ ಹಾಗೆ ತಡೆಯೋ ಪೆಟ್ಟಿಗೆ ಇತ್ತಲ್ಲ!"

"ಅದು ತಡೆಯೋದು ಪೆಟ್ರೋಲನ್ನ. ಚಕ್ರಾನಲ್ಲ."

"ಬೋಲ್ಟು? ಹಳೇವಲ್ವಾ?"

ಮೇಸ್ತ್ರಿ ಒಂದು ಬೋಲ್ಟನ್ನು ಅವಳ ಅಂಗೈಗೆ ಹಾಕಿದ. ತಲೆಯ ಮೇಲೆ ಹಳದಿ ಚುಕ್ಕೆ. "ಹೊಸದು. ಬಿಗಿ ಮಾಡಿ, ಅಳೆದು, ಆಮೇಲೆ ಇಟ್ಟ ಚುಕ್ಕೆ. ಒಂದರಲ್ಲೂ ತಪ್ಪಿಲ್ಲ. ಇದನ್ನ ಕಟ್ಟಿದೋರು ಯಾರೋ ಅವರ ಹತ್ರಾನೇ ಹೋಗಿ. ನನ್ನ ಕೈಲಿ ಇಷ್ಟು ಚೆನ್ನಾಗಿ ಆಗಲ್ಲ."

ಸುಳ್ಳು ಎಂದು ಕೂಗಬೇಕೆನಿಸಿತು. ಆದರೆ ಹನ್ನೊಂದನೇ ತಿರುವಿನಲ್ಲಿ ಗೇರಿನ ಕಡ್ಡಿ ತೀರಾ ಎಡಕ್ಕೆ ಜಾರಿದ್ದು ಅವಳ ಕೈಗೆ ಅಂದೇ ಗೊತ್ತಾಗಿತ್ತು. ಒಂದು ವರ್ಷ ಆ ಕೈಯ ಮಾತನ್ನು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ, ಅಷ್ಟೇ. ತಮ್ಮನ ಮುಖ ನೋಡಲು ಹೆದರಿ ಪಿಸ್ಟನ್‌ಗಳನ್ನೇ ನೋಡುತ್ತ ನಿಂತಳು. ತಮ್ಮ ಹೊರಗೆ ಹೋಗಿ ಕಾರಿನಲ್ಲಿ ಕೂತ.

"ಎಲ್ಲಿಗೆ ಹೋಗ್ತಿದೀನಿ ಅಂತ ಕೇಳಲ್ವೇನೋ?" ಎಂದಳು ದಾರಿಯಲ್ಲಿ.

"ಗೊತ್ತು," ಎಂದ, ಅಷ್ಟೇ.

ಮೊದಲು ನಾಲ್ಕೈದು ಕಾರುಗಳು ಸರದಿ ಕಾಯುತ್ತಿದ್ದ ಕನ್ನಡಕನ ಶೆಡ್ಡಿನಲ್ಲಿ ಈಗ ನೀರೆತ್ತುವ ಪಂಪೊಂದು ಬಿಚ್ಚಿಕೊಂಡು ಬಿದ್ದಿತ್ತು. ರೇಸಿನ ಇಂಜಿನ್ ಕಟ್ಟುತ್ತಿದ್ದ ಕೈಗೆ ಪಂಪು ರಿಪೇರಿಯ ಗತಿ ತಂದವಳು ತಾನೇ ಎಂದು ಅಕ್ಕನಿಗೆ ನಾಚಿಕೆಯಾಯಿತು. ಅವನು ತಲೆಯೆತ್ತಿ ನೋಡಿದ, ಬನ್ನಿ ಎನ್ನಲಿಲ್ಲ.

"ಗೇರ್ ತಪ್ಪಿಸಿದ್ದು ನಾನೇ," ಎಂದಳು ಅಕ್ಕ. "ನಿಮ್ಮ ಬಗ್ಗೆ ಹೇಳಿದ್ದೆಲ್ಲ ಸುಳ್ಳು. ಯಾರ್‍ಯಾರಿಗೆ ಹೇಳಿದೀನೋ ಅವರ ಹತ್ರ ಹೋಗಿ ನಿಜ ಹೇಳ್ತೀನಿ. ಇಂಜಿನ್ ನೀವೇ ಕಟ್ಟಿಕೊಡಿ."

ಕನ್ನಡಕ ಕೈ ಒರೆಸಿಕೊಂಡ, ಬೇಕೆಂದೇ ನಿಧಾನವಾಗಿ. "ಮೊದ್ಲು ಹೇಳಿ ಬನ್ನಿ. ಆಮೇಲೆ ಇಂಜಿನ್ ತನ್ನಿ."

ಆಯಿತೆಂದು ತಲೆಯಾಡಿಸಿ ಅಕ್ಕ ಹಿಂದೆಯೇ ಬಂದು ನಿಂತಿದ್ದ ತಮ್ಮನತ್ತ ತಿರುಗಿದಳು. "ನಂಬೋ ಕೈ ಸಿಕ್ತಲ್ಲೋ. ಈಗ ಕೂರ್ತೀಯಾ?"

"ಇಂಜಿನ್ ಬಗ್ಗೆ ನಂಗೆ ಚಿಂತೆ ಇಲ್ಲ ಅಕ್ಕ," ಎಂದ ತಮ್ಮ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು. "ತಪ್ಪು ಯಾರದ್ದಾದ್ರೂ ಆಗುತ್ತೆ. ಆದ್ರೆ ಒಂದು ವರ್ಷ ನನ್ನ ಮುಂದೆ ಅದನ್ನ ಇವರ ಮೇಲೆ ಹಾಕಿದೆಯಲ್ಲ. ಈ ಸಲ ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತು ತಿರುವು ಓದು."

ಹತ್ತು ವರ್ಷದಲ್ಲಿ ಅವಳು ಸ್ಟೇರಿಂಗನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಪಕ್ಕದ ಸೀಟಿನಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಬಂಡೆ ಬಂದರೆ ಬರುವುದನ್ನು ನೋಡುತ್ತ ಕೂರಬೇಕು. ಅವಳಿಗೆ ನಿಜಕ್ಕೂ ಭಯವಾಯಿತು. ತಮ್ಮ ಕಾಯುತ್ತಿದ್ದ. ಕನ್ನಡಕ ಕೂಡ ಕೆಲಸ ನಿಲ್ಲಿಸಿ ಕಾಯುತ್ತಿದ್ದ.

"ಕೂರ್ತೀನಿ ಕಣೋ," ಎಂದಳು. ದನಿ ನಡುಗಿತು, ಅದನ್ನು ಮುಚ್ಚಿಡಲು ಹೋಗಲಿಲ್ಲ.