ಮುಂಗಾಲೋ ಹಿಂಗಾಲೋ

ಹಳ್ಳಿಯ ದನದ ಡಾಕ್ಟರೊಬ್ಬನ ಕಥೆಯಿದ್ದ ಆ ಪುಸ್ತಕವನ್ನು ಹುಡುಗಿ ಹತ್ತು ಸಲವಾದರೂ ಓದಿದ್ದಳು. ಶಾಲೆಯ ಲೈಬ್ರರಿ ಮೇಡಂ ಕೊನೆಗೆ ಬೇಸತ್ತು, "ನೀನೇ ಇಟ್ಕೊಳ್ಳೇ ತಾಯಿ, ನಿನ್ನ ಬಿಟ್ರೆ ಇದನ್ನ ಕೇಳೋರೇ ಇಲ್ಲ" ಎಂದು ಕೈ ಮುಗಿದಿದ್ದರು. ಆ ಡಾಕ್ಟರು ಮೊಣಕೈವರೆಗೆ ಸೋಪು ಹಚ್ಚಿ ಹಸುವಿನೊಳಗೆ ಕೈ ಹಾಕಿದನೆಂದರೆ ಮುಗಿಯಿತು, ಕರು ಹೊರಬಿದ್ದು ಕಿವಿ ಒದರಲೇಬೇಕು. ಹದಿಮೂರರ ಹುಡುಗಿ ಅಷ್ಟನ್ನೂ ನಂಬಿ, ತಾನೂ ದನದ ಡಾಕ್ಟರಾಗುತ್ತೇನೆಂದು ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಹಾಲಿಗೆ ಬರುವವರು, "ಏನ್ ಡಾಕ್ಟ್ರಮ್ಮಾ, ನಮ್ಮ ಬೆಕ್ಕಿಗೆ ನೆಗಡಿ" ಎಂದು ಕಾಲೆಳೆಯುತ್ತಿದ್ದರು. ಅವಳು ಗಂಭೀರವಾಗಿ ಬೆಕ್ಕಿನ ವಯಸ್ಸು ಕೇಳುತ್ತಿದ್ದಳು.

ಅಪ್ಪನೊಬ್ಬ ನಗುತ್ತಿರಲಿಲ್ಲ. ಹಿತ್ತಲಿನ ಕೊಟ್ಟಿಗೆಯ ನಾಲ್ಕು ಹಸುಗಳಲ್ಲೇ ಬದುಕು ಸವೆಸಿದ ಆತ ಮಗಳ ಮಾತನ್ನು ದೊಡ್ಡವರ ಮಾತಿನಂತೆ ಕೇಳಿಸಿಕೊಳ್ಳುತ್ತಿದ್ದ. ಅವಳಿಗೆ ಮುಳುವಾದದ್ದೂ ಅದೇ.

ಮೊಂಡಿ ಎಂಬ ಹಸುವಿಗೆ ಅದು ಚೊಚ್ಚಲು. ಮಧ್ಯಾಹ್ನ ನೀರೊಡೆದು ಗಂಟೆಯಾದರೂ ಕರುವಿನ ಗೊರಸು ಹೊರಗೆ ಕಾಣಲಿಲ್ಲ. ಫೋನ್ ಮಾಡಿದರೆ ದನದ ಆಸ್ಪತ್ರೆಯ ಡಾಕ್ಟರು ಬರಲು ಮುಕ್ಕಾಲು ಗಂಟೆಯಾಗುತ್ತದೆ ಎಂದರು. ಅಪ್ಪನ ಬಲಗೈ ಹಿಂದಿನ ವಾರ ಮುರಿದು ಪ್ಲಾಸ್ಟರಿನೊಳಗಿತ್ತು. ಎಡಗೈಗೆ ಆ ಕೆಲಸ ಬಾರದು.

"ನೀನೇ ನೋಡಮ್ಮಾ. ಮುಂಗಾಲಾದ್ರೆ ತಲೆ ಹುಡುಕ್ಬೇಕು, ತಲೆ ಸಿಗ್ದೆ ಎಳೀಬಾರ್ದು. ಹಿಂಗಾಲಾದ್ರೆ ತಡ ಮಾಡೋ ಹಾಗಿಲ್ಲ, ಈಗ್ಲೇ ಎಳೀಬೇಕು."

ಅದೆಲ್ಲ ಪುಸ್ತಕದಲ್ಲಿತ್ತು. ಮುಂಗಾಲಿನ ಎರಡು ಕೀಲುಗಳೂ ಒಂದೇ ಕಡೆಗೆ ಮಡಚುತ್ತವೆ, ಹಿಂಗಾಲಿನವು ಒಂದು ಈ ಕಡೆ, ಒಂದು ಆ ಕಡೆ. ಸೋಪು ಹಚ್ಚಿ ಕೈ ಹಾಕಿದಳು. ಒಳಗೆಲ್ಲ ಬಿಸಿ, ಜಾರಿಕೆ. ಹಸು ತಿಣುಕಿದಾಗಲೆಲ್ಲ ಮಣಿಕಟ್ಟು ಪುಡಿಯಾಗುವಂತೆ ಅಮುಕುತ್ತಿತ್ತು. ಕಾಲು ಸಿಕ್ಕಿತು, ಒಂದು ಕೀಲೂ ಸಿಕ್ಕಿತು. ಎರಡನೆಯದು ಯಾವ ಕಡೆ ಮಡಚಿತೋ ದೇವರೇ ಬಲ್ಲ.

"ಮುಂಗಾಲೋ ಹಿಂಗಾಲೋ?" ಎಂದ ಅಪ್ಪ.

ಗೊತ್ತಾಗುತ್ತಿಲ್ಲ ಎನ್ನಬೇಕಿತ್ತು. ಆದರೆ ಪುಸ್ತಕದ ಡಾಕ್ಟರು ಒಮ್ಮೆಯೂ ಹಾಗೆ ಅಂದವನಲ್ಲ. ಅಪ್ಪನ ಮುಖದಲ್ಲೋ ಅಷ್ಟು ಭರವಸೆಯಿತ್ತು.

"ಮುಂಗಾಲು," ಎಂದಳು.

"ತಲೆ?"

"ಸಿಗ್ತಿಲ್ಲ."

"ಹಾಗಾದ್ರೆ ಹಿಂದಕ್ಕೆ ತಿರುಗಿದೆ. ಎಳೆಯೋದು ಬೇಡ, ಡಾಕ್ಟ್ರು ಬರ್ಲಿ." ಅಪ್ಪ ಹಗ್ಗವನ್ನು ಮತ್ತೆ ಗೂಟಕ್ಕೆ ನೇತುಹಾಕಿದ.

ಡಾಕ್ಟರು ಬರುವವರೆಗೂ ಅವಳಿಗೆ ಬಾಯಿ ಬಿಡಲು ಸಮಯವಿತ್ತು. ಬಿಡಲಿಲ್ಲ.

ಬಂದ ಡಾಕ್ಟರಿಗೆ ಅಪ್ಪ, "ಮುಂಗಾಲು, ತಲೆ ಸಿಗ್ತಿಲ್ಲ" ಎಂದ. ಅವರು ಕೈ ಹಾಕಿದ್ದೇ, "ಹಿಂಗಾಲು!" ಎಂದು ಕೂಗಿ ಹಗ್ಗ ಕೇಳಿದರು. ಐದೇ ನಿಮಿಷದಲ್ಲಿ ಕರು ಹೊರಗಿತ್ತು. ಮೂಗು ಒರೆಸಿದರು, ತಲೆಕೆಳಗು ಮಾಡಿದರು, ಎದೆ ತಿಕ್ಕಿದರು. ಅದು ಉಸಿರಾಡಲಿಲ್ಲ.

"ಆಗ್ಲೇ ಎಳೆದಿದ್ರೆ ಬದುಕ್ತಿತ್ತು. ಮುಂಗಾಲು ಅಂತ ಹೇಳಿದ್ಯಾರು?"

"ನಾನೇ ಡಾಕ್ಟ್ರೇ," ಎಂದ ಅಪ್ಪ. "ನಾನೇ ಕೈ ಹಾಕಿ ನೋಡ್ದೆ."

ಡಾಕ್ಟರು ಬೆಳ್ಳಗೆ ಒಣಗಿದ್ದ ಪ್ಲಾಸ್ಟರನ್ನೂ ಒದ್ದೆಯೇ ಆಗದ ಎಡಗೈಯನ್ನೂ ನೋಡಿದರು. ಮೊಣಕೈವರೆಗೆ ರಕ್ತ ಮೆತ್ತಿಕೊಂಡು ನಿಂತಿದ್ದ ಹುಡುಗಿಯನ್ನೂ ನೋಡಿದರು. ಅಪ್ಪ ಜನ್ಮದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದವನು; ಹೇಳಿದ ಒಂದು ಸುಳ್ಳೂ ಎಷ್ಟು ಪೆದ್ದಾಗಿತ್ತು! ಹುಡುಗಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ನಾನು ಹೇಳಿದ್ದು. ನಂಗೆ ಗೊತ್ತಾಗ್ಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಯ್ತು. ಇನ್ಮೇಲೆ ಆ ಪುಸ್ತಕ ಮುಟ್ಟಲ್ಲ," ಎಂದು ಬಿಕ್ಕಿದಳು.

ಡಾಕ್ಟರು ಅವಳನ್ನು ಕರುವಿನ ಪಕ್ಕ ಕೂರಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ಕಾಲನ್ನು ಕೈಗೆ ಕೊಟ್ಟರು.

"ಯಾವುದು?"

ಅವಸರದಲ್ಲಿ ತಡಕಿದಳು, ಕೀಲೇ ಸಿಗಲಿಲ್ಲ. "ಗೊತ್ತಾಗ್ತಿಲ್ಲ," ಎಂದಳು.

"ಇದೊಂದು ಮಾತು ಆಗ ಹೇಳಿದ್ರೆ, ಇನ್ನೊಂದ್ಸಲ ನೋಡು ಅಂತಿದ್ದ ನಿಮ್ಮಪ್ಪ. ನೋಡು ಈಗ."

ಮೊಂಡಿ ತಲೆ ಚಾಚಿ ಕರುವಿನ ಬೆನ್ನು ನೆಕ್ಕುತ್ತಿತ್ತು. ಹುಡುಗಿ ಗೊರಸಿನಿಂದ ಮೇಲಕ್ಕೆ ನಿಧಾನವಾಗಿ ಬೆರಳು ಸರಿಸಿದಳು. ಮೊದಲ ಕೀಲು ಹೀಗೆ ಮಡಚಿತು, ಎರಡನೆಯದು ಹಾಗೆ. ಕಾಲು ಇನ್ನೂ ಬೆಚ್ಚಗಿತ್ತು.

"ಹಿಂಗಾಲು," ಎಂದಳು.