ಅರ್ಧ ಚೀಲ ಗೋಧಿ

"ತಪ್ಪಲ್ರಿ," ಎಂದರು ಹಿರೇಕೆರೂರಿನ ಬೀರಪ್ಪ, ಪ್ರಶ್ನೆ ಮುಗಿಯುವ ಮೊದಲೇ.

ಉಳಿವೆಪ್ಪ ಮಾಸ್ತರರು ಪುಸ್ತಕದಿಂದ ತಲೆಯೆತ್ತಿದರು. ಬಂಕಾಪುರದ ಆ ತರಬೇತಿ ಕೋಣೆಯಲ್ಲಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಸಹಕಾರಿ ಸಂಘಗಳ ಹದಿನಾಲ್ಕು ಮಂದಿ ಮ್ಯಾನೇಜರರು ಬೆಂಚುಗಳ ಮೇಲೆ ಒತ್ತಿ ಕೂತಿದ್ದರು. ಬೇಡಿಕೆ, ಪೂರೈಕೆ, ದರ ಏರುವುದು ಇಳಿಯುವುದು ಇವನ್ನೆಲ್ಲ ಅವರಿಗೆ ಕಲಿಸುವುದು ಮಾಸ್ತರರ ಕೆಲಸ. ಕೊನೆಗೆ ಎರಡು ದಿನ ವ್ಯವಹಾರ ನೀತಿ; ಅಂದು ಅದರ ಪಾಠ. ೧೯೬೬ರ ಆ ವರ್ಷ ಕಾಳುಕಡಿ ಸಿಗದೆ ಎಲ್ಲ ಸಂಘಗಳ ಮುಂದೆಯೂ ಜನ ಸಾಲುಗಟ್ಟಿ ಪಾಳಿ ಹತ್ತಿತ್ತು.

ಮಾಸ್ತರರ ಹೆಂಡತಿ ಸುಶೀಲವ್ವ ತೀರಿಕೊಂಡು ಹದಿನೈದು ದಿನವಾಗಿತ್ತು. ಆಕೆಯ ಹೆಸರಿನಲ್ಲಿ ಶಿವಗಣಾರಾಧನೆಯ ಊಟ ಹಾಕಿಸಿದ ನಾಲ್ಕನೆಯ ದಿನಕ್ಕೆ ಅವರು ಕೆಲಸಕ್ಕೆ ಬಂದಿದ್ದರು. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಕೈ ತಾನೇ ವಿಭೂತಿ ಹಚ್ಚುತ್ತಿತ್ತು, ಬಾಯಿ ತಾನೇ ಮಂತ್ರ ಹೇಳುತ್ತಿತ್ತು. ಪಾಠವೂ ಹಾಗೆಯೇ ನಡೆದಿತ್ತು.

"ಪೂರಾ ಕೇಳ್ರಿ ಬೀರಪ್ಪ. ಮಾಲು ಕಮ್ಮಿ ಐತಿ. ಮಂದಿ ಪಾಳಿ ಹಚ್ಚ್ಯಾರ. ಮ್ಯಾನೇಜರ ತನ್ನ ಗುರ್ತಿನವರಿಗೆ ಹಿಂದಿನ ಬಾಗಲದಿಂದ ಮಾಲು ಕಳಿಸಿದ. ತಪ್ಪೋ, ಅಲ್ಲೋ?"

"ದಿನಾ ನಿದ್ದಿ ಹೊಡಿಯೋ ಬೀರಪ್ಪ ಇವತ್ತ ಎಚ್ಚರ ಅದಾರ, ಅಂದ್ರ ಖರೇನ ಇರಬೇಕ್ರಿ," ಎಂದಿತು ಹಿಂದಿನ ಬೆಂಚು. ಯಾರೂ ಸರಿಯಾಗಿ ನಗಲಿಲ್ಲ.

ಹಾನಗಲ್ಲಿನ ಇಸ್ಮಾಯಿಲಸಾಬರು ಎದ್ದು ನಿಂತರು. "ಮಾಸ್ತರ, ಸತ್ತ ಮನಿಗೆ ಕೊಟ್ಟದ್ದಕ್ಕ ಯಾರು ಪಾಳಿ ಕೇಳ್ತಾರ್ರಿ? ಅದು ಪುಣ್ಯದ ಕೆಲಸ."

"ನಾ ಸತ್ತ ಮನಿ ಅನ್ನಲಿಲ್ಲಲ್ಲ, ಇಸ್ಮಾಯಿಲಸಾಬ್ರ."

ಇಸ್ಮಾಯಿಲಸಾಬರು ಟೊಪ್ಪಿಗೆ ಸರಿಮಾಡಿಕೊಂಡು ಕೂತುಬಿಟ್ಟರು. ಹದಿಮೂರು ಮಂದಿ ಒಂದೊಂದು ಕಡೆ ನೋಡಿದರು. ಮುಂದಿನ ಬೆಂಚಿನ ಚಂದ್ರಪ್ಪನ ಕಡೆಗೆ ಮಾತ್ರ ಯಾರೂ ನೋಡಲಿಲ್ಲ. ಚಂದ್ರಪ್ಪ ಮಾಸ್ತರರ ಓಣಿಯ ಸೊಸೈಟಿಯ ಮ್ಯಾನೇಜರ. ಅವನು ಉಗುರಿಗೆ ಹತ್ತಿದ ಮಸಿಯನ್ನು ಕೆರೆಯುತ್ತಿದ್ದ.

ಮಾಸ್ತರರಿಗೆ ಆರಾಧನೆಯ ಎಲೆ ಕಣ್ಣಮುಂದೆ ಬಂತು. ಗೋಧಿಹುಗ್ಗಿ. ಗೋಧಿ ಕೆಂಪಗಿತ್ತು, ಹಡಗಿನ ಮೇಲೆ ಬಂದ ರೇಶನ್ ಗೋಧಿ. ಜಂಗಮರಿಗೆ ಬಡಿಸಿದ್ದರು, ಇವರೂ ಉಂಡಿದ್ದರು. ಎಲ್ಲಿಂದ ಬಂತೆಂದು ಕೇಳಿರಲಿಲ್ಲ. ರುಚಿಯೂ ನೆನಪಿರಲಿಲ್ಲ.

ಉಳಿದವರು ಚಹಾಕ್ಕೆ ಹೋದ ಮೇಲೆ ಚಂದ್ರಪ್ಪನನ್ನು ನಿಲ್ಲಿಸಿಕೊಂಡರು.

"ಎಷ್ಟು?"

"ಅರ್ಧ ಚೀಲರಿ. ಊರಾಗ ಎಲ್ಲೂ ಗೋಧಿ ಇರ್ಲಿಲ್ರಿ ಮಾಸ್ತರ. ಹುಗ್ಗಿ ಇಲ್ದ ಅಕ್ಕಾರ ಆರಾಧನಿ ಹೆಂಗ್ರಿ ಮಾಡೂದು?"

"ಆ ವಾರ ಬರಿಗೈಲೆ ಹೋದವರು ಯಾರು?"

"ದುರಗವ್ವ... ಇನ್ನೊಂದು ಏಳೆಂಟು ಮಂದಿರಿ." ಚಂದ್ರಪ್ಪನ ದನಿ ಸಣ್ಣದಾಯಿತು. "ಸೋಮವಾರ ಇನ್‌ಸ್ಪೆಕ್ಟರು ಬರ್ತಾರ್ರಿ. ಇಲಿ ತಿಂದಾವಂತ ಬರೀತೇನಿ. ಇಲ್ಲಾಂದ್ರ ನನ್ನ ನೌಕರಿ ಹೊಕ್ಕೈತ್ರಿ."

ಮಾಸ್ತರರು ಕಾಗದ ತೆಗೆದುಕೊಂಡು ಬರೆದರು: ಅರ್ಧ ಚೀಲ ಗೋಧಿ ನನ್ನ ಮನೆಗೆ ಬಂದಿದೆ, ನನ್ನ ಮನೆಯಲ್ಲಿ ಉಂಡಿದ್ದೇವೆ, ಅದು ತುಂಬುವ ತನಕ ನನ್ನ ಪಾಲಿನ ಗೋಧಿಯನ್ನು ಪಾಳಿಯವರಿಗೆ ಕೊಡಬೇಕು. ಕೆಳಗೆ ಸಹಿ ಹಾಕಿದರು.

"ಇದರಿಂದ ನಿನ್ನ ನೌಕರಿ ಉಳೀತೈತೋ ಇಲ್ಲೋ ನನಗ ಗೊತ್ತಿಲ್ಲ ಚಂದ್ರಪ್ಪ. ನನ್ನದೂ ಅಷ್ಟ. ಇಲಿ ಮಾತ್ರ ಬ್ಯಾಡ. ಆಕೀ ಹೆಸರಿಲೆ ಉಂಡ ಊಟ ಅದು."

ಒಳಜೇಬಿನಿಂದ ರೇಶನ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಚಂದ್ರಪ್ಪ ಬಿಡಿಸಿ ನೋಡಿದ.

"ನಿಮ್ಮೊಬ್ಬರ ಪಾಲಿನ್ಯಾಗ ಎರಡು ವರ್ಷ ಹಿಡೀತೈತ್ರಿ. ಅಕ್ಕಾರ ಹೆಸರು ಇನ್ನೂ ಕಾರ್ಡಿನ್ಯಾಗ ಐತಿ. ಹಂಗ ಇರ್ಲಿ ಬಿಡ್ರಿ. ಎರಡೂ ಪಾಲು ಕೂಡಿಸಿದ್ರ ಒಂದ ವರ್ಷಕ್ಕ ಮುಗೀತು."

ಮಾಸ್ತರರು ಕಾರ್ಡಿನ ಮೇಲಿನ ಆ ಹೆಸರಿಗೆ ಬೆರಳಿಟ್ಟರು.

"ಹೊಡದು ಹಾಕು."

"ನನ್ನ ಕೈಲೆ ಆಗೂದಿಲ್ರಿ."

ಮಾಸ್ತರರೇ ಪೆನ್ನಿನ ಮುಚ್ಚಳ ತೆಗೆದರು. ಎರಡನೆಯ ಸಾಲು: ಸುಶೀಲವ್ವ, ವಯಸ್ಸು ೪೬. ಅಡಿಪಟ್ಟಿ ಇಟ್ಟರೆ ಹೆಸರು ಪೂರಾ ಮುಚ್ಚಿತು. ಪಟ್ಟಿಯನ್ನು ತುಸು ಕೆಳಗೆ ಜರುಗಿಸಿ, ಅಕ್ಷರಗಳ ನಟ್ಟನಡುವೆ ಹಾಯುವಂತೆ ಒಂದೇ ಗೆರೆ ಎಳೆದರು. ಚಂದ್ರಪ್ಪ ಪಕ್ಕದಲ್ಲಿ ಸಹಿ ಮಾಡಿದ.

ಮಸಿ ಹಸಿಯಾಗಿತ್ತು. ಮಾಸ್ತರರು ಕಾರ್ಡನ್ನು ಎರಡೂ ಅಂಗೈಗಳ ಮೇಲೆ ತೆರೆದು ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತರು. ಹೊರಗೆ ಬೀರಪ್ಪನನ್ನು ಯಾರೋ ಕಾಡಿಸುತ್ತಿದ್ದರು. ಮಸಿ ಒಣಗಿತು. ಅವರು ಕಾರ್ಡು ಮಡಚಲಿಲ್ಲ.