ಬೇನಜೀರ ಮುಚ್ಚಿಟ್ಟ ಎರಡು ಇಂಚು

ಬ್ಯಾಡಗಿಯ ಆ ಓಣಿಯಲ್ಲಿ ಬೇನಜೀರಳ ಹೊಲಿಗೆ ಮಶೀನೂ ನಿರ್ಮಲಾಳ ಮನೆಯ ಕಟ್ಟೆಯೂ ಎದುರುಬದುರು. ಹದಿನಾಲ್ಕು ವರ್ಷ ಇಬ್ಬರೂ ಸಂಜೆ ಐದಕ್ಕೆ ಒಂದೇ ತಾಟಿನಲ್ಲಿ ಮಂಡಕ್ಕಿ, ಮಿರ್ಚಿ ಭಜಿ ತಿಂದವರು. ಇಬ್ಬರೂ ಸಮಸಮ ದಪ್ಪ. ಕೂಡಿ ಹೊರಟರೆ ಮೂಲೆಮನೆಯ ಪ್ರೇಮವ್ವ ಎಲೆ ಅಡಿಕೆ ಜಗಿಯುತ್ತ, "ಸರೀರ್ಯೋ, ಜೋಡೆತ್ತಿನ ಬಂಡಿ ಬಂತು" ಅನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಮಾತು ಇಬ್ಬರ ಮೇಲೆ ಬಿದ್ದಾಗ ಅರ್ಧರ್ಧ ಹಂಚಿಹೋಗುತ್ತಿತ್ತು, ಅಷ್ಟು ಚುಚ್ಚುತ್ತಿರಲಿಲ್ಲ.

ಯುಗಾದಿ ಆದ ಮೇಲೆ ನಿರ್ಮಲಾ ಆ ತಾಟಿನಿಂದ ಕೈ ತೆಗೆದಳು.

ಅದಕ್ಕೆ ಕಾರಣ ಒಂದು ಕುಪ್ಪಸದ ಖಣ. ಹದಿನಾರು ವರ್ಷದ ಹಿಂದೆ ಅವಳು ಬಸುರಿ ಇದ್ದಾಗ, ಕುಬುಸ ಮಾಡಿದ ದಿನ ತಾಯಿ ಉಡಿಯಲ್ಲಿ ಹಾಕಿದ ಹಸಿರು ಖಣ. ಹೆರಿಗೆಯಾದ ಮೇಲೆ ಹೊಲಿಸಿದರಾಯಿತು ಎಂದು ಎತ್ತಿಟ್ಟಳು. ಹೆರಿಗೆಯಾಯಿತು, ಮೈ ಮಾತ್ರ ಮೊದಲಿನಂತಾಗಲಿಲ್ಲ. ತಾಯಿಯೂ ತೀರಿಕೊಂಡಳು. ಖಣ ಟ್ರಂಕಿನಲ್ಲಿ ಉಳಿಯಿತು. ಈ ಯುಗಾದಿಗೆ ಬೇನಜೀರಳೇ ಅದನ್ನು ಹಾಸಿ ಅಳೆದು ಹೇಳಿದ್ದಳು: "ಅಕ್ಕ, ನಿನ್ನ ಎದಿ ನಲವತ್ನಾಕು ಇಂಚು. ಈ ಖಣದಾಗ ನಲವತ್ತರ ಮ್ಯಾಲೆ ಒಂದ ನೂಲೂ ಹಿಗ್ಗಂಗಿಲ್ಲ."

"ಹಂಗಾರ ನಾನ ನಲವತ್ತಕ್ಕ ಇಳೀತೀನಿ," ಅಂದಳು ನಿರ್ಮಲಾ. ಶ್ರಾವಣದಲ್ಲಿ ರಾಣೆಬೆನ್ನೂರಿನಲ್ಲಿ ಅವಳ ಅಕ್ಕನ ಮಗಳ ಮದುವೆ. ಅವತ್ತು ಅವ್ವನ ಖಣ ಮೈಮೇಲೆ ಇರಬೇಕು. ಇಷ್ಟೇ ಅವಳ ಹಟ.

ಮರುದಿನದಿಂದ ಬೆಳಿಗ್ಗೆ ಆರಕ್ಕೆ ಮೋಟೆಬೆನ್ನೂರ ರಸ್ತೆ ಹಿಡಿದು ನಡೆಯತೊಡಗಿದಳು. ಹೋಗುವಾಗ ಬೇನಜೀರಳ ಕಿಟಕಿ ಬಡಿದು, "ಬರ್ತೀಯೇನ?" ಎಂದು ಕೇಳುವಳು. ಬೇನಜೀರ ಎಚ್ಚರವಿದ್ದೂ ಮಗ್ಗಲು ಬದಲಿಸುವಳು.

ಓಣಿಯ ಬಾಯಿಗೆ ಕೆಲಸ ಸಿಕ್ಕಿತು. ಮೊದಲ ತಿಂಗಳು "ಈ ಮೈ ಎಲ್ಲಿ ಕರಗಬೇಕು" ಎಂದವರೇ ಎರಡನೆಯ ತಿಂಗಳು "ಇಷ್ಟ್ಯಾಕ ಕರಗ್ಯಾಳ" ಎಂದರು.

"ಯಾಕವಾ ನಿರ್ಮಲಾ, ಸಕ್ಕರಿ ಕಾಯ್ಲೆ ಬಂತೇನು?" ಎಂದಳು ಪ್ರೇಮವ್ವ. "ಮಾರಿ ಹಿಂಡಿದ ನಿಂಬಿಹಣ್ಣ ಆಗೇತಿ. ಹಾವೇರ್ಯಾಗ ದೊಡ್ಡ ಡಾಕ್ಟರ ಅದಾರಂತ, ತೋರಿಸ್ಕೊಂಡ ಬಾ."

"ಸಕ್ಕರಿ ಇಲ್ಲ ಆಯಿ. ಮಿರ್ಚಿ ಬಿಟ್ಟೇನಿ."

"ಬ್ಯಾಡಗ್ಯಾಗ ಇದ್ದು ಮಿರ್ಚಿ ಬಿಟ್ಟಾಕಿ ನೀ ಒಬ್ಬಾಕಿನ ನೋಡು."

ಗಂಡ ಶೇಖಪ್ಪನಿಗೆ ಕಿರಾಣಿ ಅಂಗಡಿ. ಅವನ ಚಿಂತೆ ಬೇರೆ. "ಅಕ್ಕಿ ಬ್ಯಾಳಿ ಮಾರಾವನ ಹೆಂಡ್ತಿ ಉಪವಾಸ ಅದಾಳ ಅಂತ ಮಂದಿ ನಗ್ತಾರ" ಎನ್ನುತ್ತಿದ್ದ. ಅಂಗಡಿಯ ತೂಕದ ಕಾಟಾ ಹತ್ತಿದರೆ ಊರಿಗೆಲ್ಲ ಸುದ್ದಿಯಾದೀತೆಂದು ನಿರ್ಮಲಾ ಅತ್ತ ಸುಳಿಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಬೇನಜೀರಳ ಮುಂದೆ ಬಂದು ಎರಡೂ ಕೈ ಎತ್ತಿ ನಿಲ್ಲುವಳು.

"ಮಂದಿ ಬಾಯಿ ದಿನಕ್ಕೊಂದ ಹೇಳ್ತೈತಿ. ಖರೇ ಹೇಳೂದು ನಿನ್ನ ಟೇಪ ಒಂದ."

ನಲವತ್ತಮೂರು. ನಲವತ್ತೆರಡೂವರೆ. ನಲವತ್ತೆರಡು. ಅಲ್ಲಿಯವರೆಗೆ ಟೇಪು ಖರೇನೇ ಹೇಳಿತು.

ಆಮೇಲೊಂದು ದಿನ ಬೇನಜೀರ ದಾರ ತರಲು ಒಬ್ಬಳೇ ಪೇಟೆಗೆ ಹೊರಟಳು. ಪ್ರೇಮವ್ವ ನೋಡಿ, "ಇವತ್ತ ಒಂಟೆತ್ತಿನ ಬಂಡಿ" ಅಂದಳು. ಅದೇ ಹಳೆಯ ನಗೆ. ಹಂಚಿಕೊಳ್ಳಲು ಪಕ್ಕದಲ್ಲಿ ಮಾತ್ರ ಯಾರೂ ಇರಲಿಲ್ಲ. ಸಂಜೆ ಗಂಡ ಅಸ್ಲಮ್ ಊಟಕ್ಕೆ ಕುಳಿತವನು, "ನಿರ್ಮಲಕ್ಕನ್ನ ನೋಡಿದ್ಯಾ? ಹತ್ತು ವರ್ಷ ಸಣ್ಣವರಾದಂಗ ಕಾಣ್ತಾರ. ನೀನೂ ನಾಕ ಹೆಜ್ಜಿ ನಡೀಬಾರದೇನು?" ಎಂದ. ಕೆಟ್ಟದ್ದಕ್ಕೆ ಅಂದದ್ದಲ್ಲ, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಲೇ ಅಂದ. ಬೇನಜೀರ ಅವನಿಗೊಂದು ರೊಟ್ಟಿ ಹಾಕಿ, ತನ್ನ ತಾಟಿಗೆ ಎರಡು ಹಾಕಿಕೊಂಡಳು.

ಮುಂದಿನ ಸಲ ನಿರ್ಮಲಾ ಕೈ ಎತ್ತಿ ನಿಂತಾಗ ಟೇಪು ನಲವತ್ತೊಂದರಲ್ಲಿ ಕೂಡಿತು.

"ನಲವತ್ತೆರಡು," ಅಂದಳು ಬೇನಜೀರ.

"ಇಳಿದಿಲ್ಲೇನ? ಜಂಪರ ಸಡಿಲ ಆದಂಗ ಆಗೈತಲ್ಲ?"

"ತೊಳದ ತೊಳದ ಬಟ್ಟಿ ಹಿಗ್ಗೇತಕ್ಕ."

ಬಾಯಿ ಸುಳ್ಳು ಹೇಳಿತು, ಕೈ ಕೇಳಲಿಲ್ಲ. ಅಳತೆಯ ಪುಸ್ತಕದಲ್ಲಿ ಅದು ನಲವತ್ತೊಂದು ಎಂದೇ ಬರೆಯಿತು. ಇಪ್ಪತ್ತು ವರ್ಷದ ಕಸುಬು, ತಪ್ಪು ಅಳತೆ ಬರೆಯಲು ಅದಕ್ಕೆ ಬರುತ್ತಿರಲಿಲ್ಲ. ಆ ಸಂಜೆ ಬೇನಜೀರ ಇಬ್ಬರ ಪಾಲಿನ ಮಿರ್ಚಿಯನ್ನೂ ತಾನೇ ತಿಂದಳು. ರುಚಿಯಾಗೇ ಇದ್ದವು.

ನಿರ್ಮಲಾ ರಾತ್ರಿಯ ರೊಟ್ಟಿ ಬಿಟ್ಟಳು. ಟೇಪು ನಲವತ್ತೂವರೆಗೆ ಬಂತು, ಆಮೇಲೆ ನಲವತ್ತಕ್ಕೇ ಬಂತು. ಬೇನಜೀರ ಎರಡು ಸಲವೂ "ನಲವತ್ತೆರಡು" ಅಂದಳು, ಪುಸ್ತಕ ಮುಚ್ಚಿದಳು.

ಮದುವೆಗೆ ಹತ್ತು ದಿನ ಇದ್ದಾಗ ನಿರ್ಮಲಾ ಖಣ ತಂದು ಮಶೀನಿನ ಮೇಲಿಟ್ಟಳು. "ಇದನ್ನ ಮದುಮಗಳಿಗೆ ಹೊಲಿ. ಆಕಿದು ಮೂವತ್ನಾಕು. ನನ್ನ ಮೈ ಜಗ್ಗಂಗಿಲ್ಲ ಬಿಡು, ಮಂದಿ ಮೊದಲ ಅಂದಿದ್ದ ಖರೇ." ಹಾಗೆಂದು ಕೆಳಗೆ ಕುಳಿತು, "ಆ ತಾಟ ಇತ್ತ ಸರಸು" ಅಂದಳು.

ನಾಲ್ಕು ತಿಂಗಳು ಬೇನಜೀರ ಕಾದದ್ದು ಆ ಕೈಗಾಗಿಯೇ. ಅದು ತಾಟಿಗೆ ಬಂದಾಗ ಅವಳಿಗೆ ಸಂತೋಷವೇ ಆಯಿತು. ಆದರೆ ನಿರ್ಮಲಾ ಒಂದು ಮಿರ್ಚಿ ಕಚ್ಚಿ, ಉಳಿದರ್ಧ ತಾಟಿನಲ್ಲಿಟ್ಟು ಎದ್ದುಹೋದಳು. ಹದಿನಾಲ್ಕು ವರ್ಷದಲ್ಲಿ ಅವಳು ಅರ್ಧ ಬಿಟ್ಟದ್ದು ಬೇನಜೀರಳಿಗೆ ನೆನಪಿಲ್ಲ.

ಮರುದಿನ ಮಧ್ಯಾಹ್ನ ಖಣ ಹಾಸಿ ಮೂವತ್ನಾಲ್ಕಕ್ಕೆ ಸುಣ್ಣದ ಗೆರೆ ಎಳೆದಳು. ಕತ್ತರಿ ಎತ್ತಿಕೊಂಡಳು. ಒಮ್ಮೆ ಓಡಿದರೆ ಮೂವತ್ನಾಲ್ಕು ತಿರುಗಿ ನಲವತ್ತಾಗುವುದಿಲ್ಲ. ಪುಸ್ತಕದ ಒಂದು ಹಾಳೆ ಹರಿದರೆ ಯಾರಿಗೂ ತಿಳಿಯುವುದಿಲ್ಲ. ನಿರ್ಮಲಾ ಸಂಜೆಗೆ ತಾಟಿನ ಮುಂದೆ ಬಂದು ಕೂರುತ್ತಾಳೆ, ಬಂಡಿ ಮತ್ತೆ ಜೋಡಾಗುತ್ತದೆ. ಬೇನಜೀರ ತಲೆ ಎತ್ತಿ ನೋಡಿದಳು. ಎದುರು ಕಟ್ಟೆಯ ಮೇಲೆ ನಿರ್ಮಲಾ ಮೊರದಲ್ಲಿ ಜೋಳ ಇಟ್ಟುಕೊಂಡು, ಹಸನು ಮಾಡದೆ ಸುಮ್ಮನೆ ಕುಳಿತಿದ್ದಳು. ಕತ್ತಿನ ಎಲುಬು ಕಾಣುತ್ತಿತ್ತು.

ಬೇನಜೀರ ಗೆರೆಯನ್ನು ಉಜ್ಜಿ ಅಳಿಸಿದಳು. ನಲವತ್ತಕ್ಕೆ ಕತ್ತರಿಸಿದಳು.

ಎರಡು ದಿನ ಬಿಟ್ಟು ನಿರ್ಮಲಾಳನ್ನು ಕರೆದು, "ಹಾಕ್ಕೊಂಡ ನೋಡು," ಅಂದಳು.

"ಇದು ಹುಡುಗೀದು."

"ಹಾಕ್ಕೋ ಅಂದ್ನಿ."

ಪರದೆಯ ಹಿಂದೆ ಒಂದೊಂದೇ ಹುಕ್ಕು ಬಿದ್ದವು. ನಿರ್ಮಲಾ ಹೊರಗೆ ಬಂದಾಗ ಖಣ ಎಲ್ಲೂ ಹಿಡಿದಿರಲಿಲ್ಲ, ಎಲ್ಲೂ ಸಡಿಲಿರಲಿಲ್ಲ. ಅವಳು ಕನ್ನಡಿ ನೋಡಲಿಲ್ಲ. ಅಳತೆಯ ಪುಸ್ತಕ ತೆಗೆದು ತನ್ನ ಹಾಳೆ ಹುಡುಕಿದಳು. ನಲವತ್ತೊಂದು, ನಲವತ್ತೂವರೆ, ನಲವತ್ತು, ತಾರೀಖು ಸಮೇತ.

"ಯಾಕ?"

"ನೀ ಸಣ್ಣ ಆದ್ರ ಈ ಓಣ್ಯಾಗ ನಾ ಒಬ್ಬಾಕಿನ ಉಳೀತಿದ್ನಿ," ಅಂದಳು ಬೇನಜೀರ. "ನಿನ್ನ ನೋಡಿದ್ರ ಹೊಟ್ಟಿ ಉರೀತಿತ್ತು. ಈಗೂ ಉರಿಯಾಕತ್ತೈತಿ."

ನಿರ್ಮಲಾ ಪುಸ್ತಕ ಇಟ್ಟಳು. "ಓಣಿ ಮಂದಿ ಏನೇನೋ ಅಂದ್ರು. ಒಂದೂ ನನಗ ತಾಗಲಿಲ್ಲ. ನಿಂದೊಂದ ಮಾತ ನಂಬಿ ರಾತ್ರಿ ರೊಟ್ಟಿ ಬಿಟ್ಟಿದ್ನಿ." ಖಣದ ಮೇಲೆ ಸೆರಗು ಹೊದ್ದು ಹೊರಟಳು. ಹಳೆಯ ಜಂಪರು ಪರದೆಯ ಹಿಂದೆಯೇ ಉಳಿಯಿತು.

ಮದುವೆಗೆ ಬೇನಜೀರಳೂ ಹೋದಳು, ಹಿಂದಿನ ಸಾಲಿನಲ್ಲಿ ಕುಳಿತಳು. ನಿರ್ಮಲಾಳ ಸುತ್ತ ಹೆಂಗಸರು ಸೇರಿ ಖಣ ಮುಟ್ಟಿ ನೋಡುತ್ತಿದ್ದರು. ಯಾರು ಹೊಲಿದದ್ದು ಎಂದು ಯಾರೋ ಕೇಳಿದರು.

"ನಮ್ಮ ಓಣ್ಯಾಗಿನ ಟೇಲರ," ಅಂದಳು ನಿರ್ಮಲಾ. ಹೆಸರು ಹೇಳಲಿಲ್ಲ.

ಊರಿಗೆ ಬಂದ ನಾಲ್ಕನೆಯ ಬೆಳಿಗ್ಗೆ, ಆರಕ್ಕೆ, ಕಿಟಕಿಯ ಹೊರಗೆ ಹೆಜ್ಜೆ ಸಪ್ಪಳವಾಯಿತು. ಬಡಿಯದೆ ಮುಂದೆ ಹೋಯಿತು. ಬೇನಜೀರ ಅಷ್ಟೊತ್ತಿಗೆ ಚಪ್ಪಲಿ ಮೆಟ್ಟಿ ಬಾಗಿಲ ಹಿಂದೆ ನಿಂತಿದ್ದಳು. ಏದುಸಿರು ಬಿಡುತ್ತ ಹಿಂದೆ ಓಡಿದಳು. ಆ ಸಣ್ಣಗಾದ ಬೆನ್ನು ಮುಂದೆ ಮುಂದೆ ಹೋಗುತ್ತಿತ್ತು.

"ಅಕ್ಕ, ಎಷ್ಟ ದೂರ?"

ನಿರ್ಮಲಾ ತಿರುಗಿ ನೋಡಲಿಲ್ಲ. "ಇಲ್ಲೇ. ಬೇವಿನ ಗಿಡದ ತನಕ."

ಬೇವಿನ ಗಿಡ ಬಂತು. ನಿರ್ಮಲಾ ನಿಲ್ಲಲಿಲ್ಲ.

"ಬೇವಿನ ಗಿಡ ಬಂತಲ್ಲಕ್ಕ?"

"ಇದಲ್ಲ. ಮುಂದಿಂದು."

ಮುಂದಿನದೂ ಬಂತು, ಹಿಂದಕ್ಕೂ ಹೋಯಿತು. ಬೇನಜೀರ ಮತ್ತೆ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು.